ಏರ್ ಫ್ರೈಯರ್ ಬಿಸಿಯಾಗದಿದ್ದರೆ: ಹೊರಗಿನಿಂದ ಒಳಕ್ಕೆ ಹಂತಹಂತದ ತಪಾಸಣೆ

ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಟೈಮರು ತನ್ನ ಪಾಡಿಗೆ ಓಡಿ ಕೊನೆಗೆ ಗಂಟೆಯನ್ನೂ ಬಾರಿಸುತ್ತದೆ. ಆದರೆ ಬುಟ್ಟಿ ಎಳೆದು ನೋಡಿದರೆ ಆಲೂಗಡ್ಡೆಯ ಹೋಳುಗಳು ಹಾಕಿದ ಹಾಗೆಯೇ ಹಸಿಯಾಗಿ ಬಿದ್ದಿರುತ್ತವೆ. ಮನೆಬಳಕೆಯ ಏರ್ ಫ್ರೈಯರ್‌ಗಳಲ್ಲಿ ಪದೇಪದೇ ಕಾಣುವ ದೋಷ ಇದು. ಇಂಥ ಹೊತ್ತಿನಲ್ಲಿ ಹಲವರು ಯಂತ್ರವನ್ನು ಅಟ್ಟಕ್ಕೆ ಸೇರಿಸುತ್ತಾರೆ, ಇನ್ನು ಕೆಲವರು ನೇರವಾಗಿ ತಿರುಪುಗಳನ್ನು ಬಿಚ್ಚಲು ಕೂರುತ್ತಾರೆ. ಎರಡೂ ಅವಸರದ ಕೆಲಸವೇ. ದೋಷ ಯಾವ ಭಾಗದಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಹೊರಗಿನಿಂದಲೇ, ಮನೆಯ ವಿದ್ಯುತ್ ಮೀಟರು ಮತ್ತು ವೋಲ್ಟ್, ಓಮ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರಿನ ನೆರವಿನಿಂದ ಗುರುತಿಸಬಹುದು. ಮುಚ್ಚಳ ಬಿಚ್ಚಬೇಕೋ ಬೇಡವೋ ಎಂಬ ತೀರ್ಮಾನ ಅದರ ನಂತರದ್ದು. ಮುಂದಿನ ಲೆಕ್ಕಗಳಿಗೆಲ್ಲ 230 ವೋಲ್ಟ್‌ನಲ್ಲಿ ಕೆಲಸಮಾಡುವ 1400 ವಾಟ್‌ನ ಯಂತ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ. ನಿಮ್ಮ ಯಂತ್ರದ ತಳದಲ್ಲಿ ಅಥವಾ ಬೆನ್ನಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಬೇರೆ ಸಂಖ್ಯೆ ಇದ್ದರೆ ಅದಕ್ಕೆ ತಕ್ಕಂತೆ ಲೆಕ್ಕ ಬದಲಿಸಿಕೊಳ್ಳಬೇಕು.

ಒಳಗೆ ಏನಿದೆ

ಏರ್ ಫ್ರೈಯರ್ ಎಂಬುದು ಚಿಕ್ಕ ಗೂಡಿನೊಳಗೆ ಬಿಸಿಗಾಳಿಯನ್ನು ಜೋರಾಗಿ ಸುತ್ತಿಸುವ ಒಂದು ವಿದ್ಯುತ್ ಒಲೆ. ಬುಟ್ಟಿಯ ಮೇಲ್ಭಾಗದಲ್ಲಿ ಸುರುಳಿಯಾಕಾರದ ಹೀಟಿಂಗ್ ಕಾಯಿಲ್ ಇರುತ್ತದೆ, ಅದರ ಮೇಲೆ ಗಾಳಿ ತಳ್ಳುವ ಫ್ಯಾನು, ಅದಕ್ಕೂ ಮೇಲೆ ಮೋಟಾರು. ಅನೇಕ ಮಾದರಿಗಳಲ್ಲಿ ಒಂದೇ ಮೋಟಾರಿನ ದಂಡಕ್ಕೆ ಎರಡು ಫ್ಯಾನುಗಳನ್ನು ಜೋಡಿಸಿರುತ್ತಾರೆ: ಕೆಳಗಿನದು ಅಡುಗೆಯ ಗಾಳಿಯನ್ನು ತಿರುಗಿಸುತ್ತದೆ, ಮೇಲಿನದು ಮೋಟಾರನ್ನೂ ಒಳಗಿನ ವೈರುಗಳನ್ನೂ ತಂಪಾಗಿಡುತ್ತದೆ. ಆದ್ದರಿಂದ ಅಂಥ ಯಂತ್ರದಲ್ಲಿ ಫ್ಯಾನು ನಿಧಾನವಾದರೆ ಅಡುಗೆ ಕೆಡುವುದಷ್ಟೇ ಅಲ್ಲ, ಒಳಭಾಗಗಳೂ ಸುಡಲಾರಂಭಿಸುತ್ತವೆ.

ಗುಂಡಿ ತಿರುಗಿಸುವ ಮಾದರಿಗಳಲ್ಲಿ ವಿದ್ಯುತ್ತಿನ ದಾರಿ ಸರಳ. ಪ್ಲಗ್ಗಿನಿಂದ ಬಂದ ವಿದ್ಯುತ್ತು ಬುಟ್ಟಿ ಒಳಗೆ ಕೂತಾಗ ಒತ್ತಲ್ಪಡುವ ಮೈಕ್ರೋ ಸ್ವಿಚ್ಚನ್ನೂ ಟೈಮರಿನ ಸಂಪರ್ಕಗಳನ್ನೂ ದಾಟಿ ಎರಡು ಕವಲಾಗುತ್ತದೆ. ಒಂದು ಕವಲು ನೇರವಾಗಿ ಮೋಟಾರಿಗೆ ಹೋದರೆ, ಇನ್ನೊಂದು ತಾಪಮಾನವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಮತ್ತು ಅತಿಯಾಗಿ ಕಾದರೆ ಕಡಿದುಹೋಗುವ ಥರ್ಮಲ್ ಫ್ಯೂಸ್ ಮೂಲಕ ಕಾಯಿಲನ್ನು ಮುಟ್ಟುತ್ತದೆ. ಕೆಲವು ತಯಾರಕರು ಥರ್ಮಲ್ ಫ್ಯೂಸನ್ನು ಕವಲಿಗಿಂತ ಮೊದಲೇ ಇಡುವುದುಂಟು. ಹಾಗಿದ್ದಾಗ ಫ್ಯೂಸ್ ಹೋದರೆ ಇಡೀ ಯಂತ್ರವೇ ನಿಶ್ಚಲವಾಗುತ್ತದೆ. ಬೆರಳಿನಿಂದ ಮುಟ್ಟುವ ಪರದೆಯಿರುವ ಡಿಜಿಟಲ್ ಮಾದರಿಗಳಲ್ಲಿ ಟೈಮರು ಮತ್ತು ಥರ್ಮೋಸ್ಟಾಟಿನ ಕೆಲಸವನ್ನು ಒಂದು ಸರ್ಕ್ಯೂಟ್ ಬೋರ್ಡು ಮಾಡುತ್ತದೆ: ಎನ್‌ಟಿಸಿ ಎಂಬ ಸೆನ್ಸರು ತಾಪಮಾನವನ್ನು ತಿಳಿಸುತ್ತದೆ, ಬೋರ್ಡಿನ ಮೇಲಿನ ರಿಲೇ ಕಾಯಿಲಿಗೆ ವಿದ್ಯುತ್ತನ್ನು ಕೊಡುತ್ತದೆ ಅಥವಾ ಕಡಿಯುತ್ತದೆ. ಥರ್ಮಲ್ ಫ್ಯೂಸು ಈ ಮಾದರಿಗಳಲ್ಲಿಯೂ ಇರುತ್ತದೆ.

ಈ ನಕ್ಷೆ ಮನಸ್ಸಿನಲ್ಲಿದ್ದರೆ ಮೊದಲ ಸುಳಿವು ತಾನಾಗಿ ಸಿಗುತ್ತದೆ. ಗುಂಡಿಯ ಮಾದರಿಯಲ್ಲಿ ಫ್ಯಾನು ಸರಿಯಾಗಿ ತಿರುಗುತ್ತಿದೆ ಎಂದರೆ ಸಾಕೆಟ್ಟು, ವೈರು, ಮೈಕ್ರೋ ಸ್ವಿಚ್ಚು, ಟೈಮರು ಇವೆಲ್ಲ ಕೆಲಸಮಾಡುತ್ತಿವೆ. ಉಳಿದದ್ದು ಥರ್ಮೋಸ್ಟಾಟ್, ಥರ್ಮಲ್ ಫ್ಯೂಸ್, ಕಾಯಿಲ್ ಮತ್ತು ಅವುಗಳ ನಡುವಿನ ಜೋಡಣೆಗಳು ಮಾತ್ರ. ಫ್ಯಾನೂ ತಿರುಗದಿದ್ದರೆ ಕವಲಿಗಿಂತ ಹಿಂದಿನದನ್ನು ಮೊದಲು ನೋಡಬೇಕು. ಫ್ಯಾನು ನಿಂತಿದ್ದು ಕಾಯಿಲು ಮಾತ್ರ ಕೆಂಪಾಗುತ್ತಿದ್ದರೆ ಯಾವ ತಪಾಸಣೆಯೂ ಬೇಡ, ತಕ್ಷಣ ಸ್ವಿಚ್ ಆರಿಸಿ ಪ್ಲಗ್ ಕೀಳಬೇಕು.

ಮೊದಲ ಹಂತ: ಇದು ದೋಷವೇ ಎಂದು ಖಚಿತಪಡಿಸಿಕೊಳ್ಳುವುದು

ಕಾಯಿಲು ಸದಾಕಾಲ ಉರಿಯುವುದಿಲ್ಲ. 180 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದರೆ ಆ ಮಟ್ಟ ಮುಟ್ಟಿದ ಕೂಡಲೇ ಅದು ಆರಿ, ಗೂಡು ತುಸು ತಣಿದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಗುಂಡಿಯ ಮಾದರಿಗಳಲ್ಲಿ ಇದಕ್ಕೆ ಪ್ರತ್ಯೇಕ ದೀಪವಿದ್ದು, ಅದು ಆಗಾಗ ಆರುವುದನ್ನು ಕಂಡು ಯಂತ್ರ ಕೆಟ್ಟಿದೆ ಎಂದು ಭಾವಿಸುವವರಿದ್ದಾರೆ. ಅದು ಥರ್ಮೋಸ್ಟಾಟ್ ನೆಟ್ಟಗಿದೆ ಎಂಬುದರ ಗುರುತು.

ಬುಟ್ಟಿಯನ್ನು ಅಂಚಿನವರೆಗೆ ತುಂಬಿದಾಗ, ಮಸಾಲೆಯ ನೀರು ಬಸಿಯದ ಕೋಳಿ ಅಥವಾ ಪನೀರನ್ನು ಹಾಕಿದಾಗ, ತಳದ ತೂತುಗಳನ್ನೆಲ್ಲ ಮುಚ್ಚುವಂತೆ ಕಾಗದ ಅಥವಾ ಅಲ್ಯೂಮಿನಿಯಂ ಹಾಳೆ ಹಾಸಿದಾಗ ಗಾಳಿಗೆ ದಾರಿಯಿರುವುದಿಲ್ಲ. ಆಗ ಮೇಲಿನ ಪದರ ಕಂದುಬಣ್ಣಕ್ಕೆ ತಿರುಗಿ ಕೆಳಗಿನದು ಹಸಿಯಾಗಿ ಉಳಿಯುತ್ತದೆ. ಆದ್ದರಿಂದ ಪರೀಕ್ಷೆಯನ್ನು ಯಾವಾಗಲೂ ಖಾಲಿ ಬುಟ್ಟಿಯಲ್ಲಿ ಒಂದೇ ಒಂದು ಬ್ರೆಡ್ ಚೂರಿನಿಂದ ಮಾಡುವುದು ಒಳ್ಳೆಯದು. ಅದು ಗಾಳಿಗೆ ಹಾರಿ ಕಾಯಿಲಿಗೆ ಅಂಟಿಕೊಳ್ಳದಂತೆ ಮೇಲೊಂದು ಸ್ಟೀಲ್ ಜಾಲರಿ ಇಡಬೇಕು. 180 ಡಿಗ್ರಿಯಲ್ಲಿ ಐದಾರು ನಿಮಿಷದೊಳಗೆ ಬ್ರೆಡ್ಡು ಒಣಗಿ ಬಣ್ಣ ತಿರುಗಿದರೆ ಯಂತ್ರ ಬಿಸಿಯಾಗುತ್ತಿದೆ, ತೊಂದರೆ ಅಡುಗೆಯ ವಿಧಾನದಲ್ಲಿದೆ.

ಇನ್ನೊಂದು ಕಾರಣ ವೋಲ್ಟೇಜು. ಕಾಯಿಲಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ವೋಲ್ಟೇಜು ಸ್ವಲ್ಪ ಇಳಿದರೂ ಶಾಖ ಬಹಳಷ್ಟು ಇಳಿಯುತ್ತದೆ. 230 ವೋಲ್ಟ್‌ನಲ್ಲಿ 1400 ವಾಟ್ ಕೊಡುವ ಕಾಯಿಲು 180 ವೋಲ್ಟ್‌ನಲ್ಲಿ ಕೊಡುವುದು ಸುಮಾರು 860 ವಾಟ್ ಮಾತ್ರ. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಹಳ್ಳಿಮನೆಗಳಲ್ಲಿ, ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿನಲ್ಲಿ ವೋಲ್ಟೇಜು ಹೀಗೆ ಕುಸಿಯುವುದು ಹೊಸದಲ್ಲ. ಮಧ್ಯಾಹ್ನ ಬೇಯದ್ದು ರಾತ್ರಿ ಹನ್ನೊಂದಕ್ಕೆ ಚೆನ್ನಾಗಿ ಬೇಯುತ್ತಿದ್ದರೆ ಯಂತ್ರವನ್ನು ದೂರಬೇಕಿಲ್ಲ.

ಅಮೆರಿಕದಿಂದ ಬಂದವರು ತಂದ, ಅಲ್ಲಿಗೆ ಹೋಗುವವರು ಒಯ್ಯುವ ಯಂತ್ರಗಳ ವಿಷಯವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿ ಕೊಂಡ 230 ವೋಲ್ಟ್‌ನ ಕಾಯಿಲು ಅಲ್ಲಿನ 120 ವೋಲ್ಟ್‌ನಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಶಾಖವನ್ನಷ್ಟೇ ಕೊಡುತ್ತದೆ. ಅದರಲ್ಲಿ ದೋಷ ಹುಡುಕಿ ಫಲವಿಲ್ಲ. ಅಲ್ಲಿಯದನ್ನು ಇಲ್ಲಿನ ಸಾಕೆಟ್ಟಿಗೆ ನೇರವಾಗಿ ಚುಚ್ಚಿದರೆ ಕಾಯಿಲಿನ ಮೇಲೆ ಮೂರೂವರೆ ಪಟ್ಟಿಗೂ ಮೀರಿದ ಹೊರೆ ಬಿದ್ದು ಕ್ಷಣಗಳಲ್ಲಿ ಏನಾದರೊಂದು ಸುಡುತ್ತದೆ. ಪ್ರಯಾಣಕ್ಕೆಂದು ಮಾರುವ ಚಿಕ್ಕ ಅಡಾಪ್ಟರುಗಳು ಪ್ಲಗ್ಗಿನ ಆಕಾರವನ್ನು ಬದಲಿಸುತ್ತವೆಯೇ ಹೊರತು ವೋಲ್ಟೇಜನ್ನಲ್ಲ.

ಸಾಕೆಟ್ಟನ್ನೂ ಒಮ್ಮೆ ಗಮನಿಸಬೇಕು. 1400 ವಾಟ್‌ನ ಯಂತ್ರ ಸುಮಾರು 6.1 ಆಂಪಿಯರ್ ಎಳೆಯುತ್ತದೆ. ಮಿಕ್ಸಿಗೂ ಮೊಬೈಲಿಗೂ ಬಳಸುವ 6 ಆಂಪಿಯರ್ ಸಾಕೆಟ್ಟಿಗೆ ಅದು ಅಂಚಿನ ಹೊರೆ. ಅರ್ಧ ಗಂಟೆ ಓಡಿಸಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗನ್ನು ಕಿತ್ತು ಅದರ ಪಿನ್ನುಗಳ ಬುಡ ನೋಡಿ. ಕಂದುಗಟ್ಟಿದ್ದರೆ ಅಥವಾ ಸಾಕೆಟ್ಟಿನ ಪ್ಲಾಸ್ಟಿಕ್ ಮೆತ್ತಗಾಗಿದ್ದರೆ ಸಾಕೆಟ್ಟನ್ನು ಬದಲಿಸಿ, ಯಂತ್ರವನ್ನು 16 ಆಂಪಿಯರ್‌ನ ಪವರ್ ಪಾಯಿಂಟಿಗೆ ವರ್ಗಾಯಿಸಬೇಕು. ಎಕ್ಸ್‌ಟೆನ್ಶನ್ ಬೋರ್ಡು ಮತ್ತು ಮನೆಯ ಇನ್ವರ್ಟರ್ ಲೈನು ಇವೆರಡೂ ಈ ಯಂತ್ರಕ್ಕೆ ಸಲ್ಲವು.

ಎರಡನೆಯ ಹಂತ: ವಿದ್ಯುತ್ ಮೀಟರನ್ನು ಕೇಳುವುದು

ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ, ಆದರೂ ಇದನ್ನು ಬಳಸುವವರು ಕಡಿಮೆ. ಮನೆಯ ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಮಿನುಗುವ ಕೆಂಪು ದೀಪವಿರುತ್ತದೆ. ಅದರ ಬಳಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬ ಸಂಖ್ಯೆಯನ್ನು ಮುದ್ರಿಸಿರುತ್ತಾರೆ. ಆ ಸಂಖ್ಯೆ 3200 ಎಂದಿಟ್ಟುಕೊಳ್ಳೋಣ. ಫ್ರಿಜ್ಜು, ಗೀಸರು, ಪಂಪು ಸೇರಿದಂತೆ ಉಳಿದೆಲ್ಲವನ್ನೂ ಆರಿಸಿ, ಏರ್ ಫ್ರೈಯರನ್ನು ಮಾತ್ರ 200 ಡಿಗ್ರಿಗೆ ಹೊಂದಿಸಿ ಚಾಲೂ ಮಾಡಿ, ಮೊದಲ ಒಂದು ನಿಮಿಷದಲ್ಲಿ ದೀಪ ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸಬೇಕು. ಕಾಯಿಲು ಪೂರ್ಣ ಶಕ್ತಿಯಲ್ಲಿ ಉರಿಯುತ್ತಿದ್ದರೆ 1.4 ಕಿಲೋವಾಟನ್ನು 3200ರಿಂದ ಗುಣಿಸಿ 60ರಿಂದ ಭಾಗಿಸಿದಾಗ ಬರುವಂತೆ ನಿಮಿಷಕ್ಕೆ 75ರ ಆಸುಪಾಸು ಮಿನುಗು ಕಾಣಬೇಕು. 40 ವಾಟ್‌ನ ಮೋಟಾರು ಮಾತ್ರ ಓಡುತ್ತಿದ್ದರೆ ಎರಡೇ ಎರಡು.

ಎಣಿಕೆ ಎರಡು ಮೂರಕ್ಕೇ ನಿಂತರೆ ಕಾಯಿಲಿಗೆ ವಿದ್ಯುತ್ತು ತಲುಪುತ್ತಲೇ ಇಲ್ಲ. ಐವತ್ತರ ಸುತ್ತ ಇದ್ದರೆ ವೋಲ್ಟೇಜು ಇಳಿದಿದೆ ಅಥವಾ ಎರಡು ತುಂಡುಗಳಿರುವ ಕಾಯಿಲಿನಲ್ಲಿ ಒಂದು ತುಂಡು ಸತ್ತಿದೆ. ಮೊದಲ ಒಂದೆರಡು ನಿಮಿಷ ಎಪ್ಪತ್ತೈದು ಮಿನುಗಿ, ಗೂಡು ಇನ್ನೂ ಬೆಚ್ಚಗಾಗುತ್ತಿರುವಾಗಲೇ ಏಕಾಏಕಿ ಎರಡಕ್ಕಿಳಿದು ಬಹಳ ಹೊತ್ತು ಅಲ್ಲೇ ಉಳಿದರೆ ಕಾಯಿಲು ನೆಟ್ಟಗಿದೆ. ಅದನ್ನು ಬೇಗ ಆರಿಸುತ್ತಿರುವ ಥರ್ಮೋಸ್ಟಾಟನ್ನು ಅಥವಾ ಸೆನ್ಸರನ್ನು ಶಂಕಿಸಬೇಕು. ಎಣಿಕೆ ಸರಿಯಾಗಿಯೇ ಇದ್ದು ಅಡುಗೆ ಮಾತ್ರ ಬೇಯುತ್ತಿಲ್ಲವಾದರೆ ಶಾಖ ಹುಟ್ಟುತ್ತಿದೆ, ಗಾಳಿ ಅದನ್ನು ಒಯ್ಯುತ್ತಿಲ್ಲ: ಫ್ಯಾನಿನ ರೆಕ್ಕೆಗಳಿಗೆ ಜಿಡ್ಡು ಮೆತ್ತಿದೆ, ಇಲ್ಲವೇ ಮೋಟಾರು ಸೊರಗಿದೆ.

ಮೂರನೆಯ ಹಂತ: ಪ್ಲಗ್ಗಿನ ಪಿನ್ನುಗಳ ನಡುವೆ ಅಳತೆ

ಇಲ್ಲಿಂದ ಮುಂದೆ ಮಲ್ಟಿಮೀಟರ್ ಬೇಕು. ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ಯಂತ್ರ ಪೂರ್ತಿ ತಣಿದ ಮೇಲೆ, ಮೀಟರನ್ನು ಓಮ್ ಅಳತೆಗೆ, 200ರ ಶ್ರೇಣಿಗೆ ಇಡಬೇಕು. ವೋಲ್ಟೇಜಿನ ವರ್ಗವನ್ನು ವಾಟ್‌ನಿಂದ ಭಾಗಿಸಿದರೆ ಕಾಯಿಲಿನ ರೋಧ ಸಿಗುತ್ತದೆ: 230ರ ವರ್ಗ 52,900, ಅದನ್ನು 1400ರಿಂದ ಭಾಗಿಸಿದರೆ ಸುಮಾರು 38 ಓಮ್. 1200 ವಾಟ್ ಯಂತ್ರಕ್ಕೆ ಇದು 44, 1500ಕ್ಕೆ 35, 1700ಕ್ಕೆ 31.

ಗುಂಡಿಯ ಮಾದರಿಯಾದರೆ ಬುಟ್ಟಿಯನ್ನು ಒಳಗೆ ತಳ್ಳಿ, ಥರ್ಮೋಸ್ಟಾಟನ್ನು ಗರಿಷ್ಠಕ್ಕೆ ತಿರುಗಿಸಿ, ಟೈಮರನ್ನು ಹತ್ತು ನಿಮಿಷಕ್ಕೆ ಇಡಿ. ಈ ಟೈಮರು ಗಡಿಯಾರದ ಸ್ಪ್ರಿಂಗಿನಂತೆ ಕೆಲಸಮಾಡುವುದರಿಂದ ವಿದ್ಯುತ್ತಿಲ್ಲದೆಯೂ ಅದರ ಸಂಪರ್ಕ ಕೂಡಿಕೊಳ್ಳುತ್ತದೆ. ಈಗ ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು ಬಿಟ್ಟು ಕೆಳಗಿನ ಎರಡು ಪಿನ್ನುಗಳಿಗೆ ಮೀಟರಿನ ಕಡ್ಡಿಗಳನ್ನು ಮುಟ್ಟಿಸಬೇಕು. ಲೆಕ್ಕದ 38 ಓಮ್ ಅಥವಾ ಅದಕ್ಕಿಂತ ಕೆಲವು ಓಮ್ ಕಡಿಮೆ ಬಂದರೆ, ಪ್ಲಗ್ಗಿನಿಂದ ಕಾಯಿಲಿನವರೆಗಿನ ಇಡೀ ಸರಪಳಿ ಅಖಂಡವಾಗಿದೆ. ಮೋಟಾರಿನ ಸುರುಳಿ ಕಾಯಿಲಿಗೆ ಸಮಾಂತರವಾಗಿ ಸೇರಿರುವುದರಿಂದ ಈ ಚಿಕ್ಕ ಇಳಿಕೆ ಸಹಜ. ಅಳತೆ ಲೆಕ್ಕಕ್ಕಿಂತ ಎಷ್ಟೋ ಹೆಚ್ಚಾಗಿದ್ದರೆ ಮೀಟರಿಗೆ ಮೋಟಾರು ಮಾತ್ರ ಕಾಣುತ್ತಿದೆ, ಕಾಯಿಲಿನ ಕವಲು ಎಲ್ಲೋ ಕಡಿದಿದೆ. ಶ್ರೇಣಿಯನ್ನು ಏರಿಸಿದ ಮೇಲೂ ಮೀಟರು 'ಓಎಲ್' (ಅಳತೆಗೆ ಮೀರಿದ್ದು) ಅಥವಾ ಬರಿಯ 1 ತೋರಿಸಿದರೆ ಎರಡೂ ಕವಲುಗಳಿಗೆ ದಾರಿಯಿಲ್ಲ. ವೈರು, ಮೈಕ್ರೋ ಸ್ವಿಚ್ಚು, ಟೈಮರು ಅಥವಾ ಕವಲಿನ ಹಿಂದಿನ ಫ್ಯೂಸು ಹೋಗಿದೆ. ಅಳತೆ ಹಿಡಿದುಕೊಂಡೇ ಬುಟ್ಟಿಯನ್ನು ಅಲುಗಾಡಿಸಿ, ವೈರಿನ ಬುಡವನ್ನು ಬಾಗಿಸಿ ನೋಡಿ. ಅಂಕಿ ಬಂದು ಹೋಗುತ್ತಿದ್ದರೆ ದೋಷದ ಜಾಗ ಅದೇ. ಪರೀಕ್ಷೆ ಮುಗಿದ ಮೇಲೆ ಟೈಮರನ್ನು ಸೊನ್ನೆಗೆ ತರುವುದನ್ನು ಮರೆಯಬಾರದು.

ಡಿಜಿಟಲ್ ಮಾದರಿಯಲ್ಲಿ ಈ ಅಳತೆಗೆ ಅರ್ಥವಿಲ್ಲ. ವಿದ್ಯುತ್ತಿಲ್ಲದಾಗ ರಿಲೇ ತೆರೆದಿರುವುದರಿಂದ ಕಾಯಿಲು ಪಿನ್ನುಗಳಿಗೆ ಕಾಣುವುದೇ ಇಲ್ಲ. ಅದರ ಬದಲು ಯಂತ್ರವನ್ನು ಚಾಲೂ ಮಾಡಿ ಕಿವಿಗೊಡಬೇಕು. ಆರಂಭದಲ್ಲಿ 'ಟಿಕ್' ಎಂಬ ರಿಲೇಯ ಸದ್ದು ಕೇಳಿಸಿಯೂ ವಿದ್ಯುತ್ ಮೀಟರಿನ ಮಿನುಗು ಏರದಿದ್ದರೆ ಬೋರ್ಡು ಆಜ್ಞೆ ಕೊಡುತ್ತಿದೆ, ರಿಲೇಯ ಸಂಪರ್ಕ ಅಥವಾ ಅದರ ಮುಂದಿನ ಫ್ಯೂಸು, ಕಾಯಿಲುಗಳಲ್ಲಿ ತೊಂದರೆಯಿದೆ. ಸದ್ದೇ ಇಲ್ಲದಿದ್ದರೆ ಬೋರ್ಡು ಆಜ್ಞೆ ಕೊಡುತ್ತಿಲ್ಲ. ರಿಲೇಯ ಬದಲು ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚನ್ನು ಬಳಸಿದ ಬೋರ್ಡುಗಳು ಸದ್ದು ಮಾಡುವುದಿಲ್ಲ ಎಂಬುದು ನೆನಪಿರಲಿ. ಪರದೆಯ ಮೇಲೆ 'ಇ1', 'ಇ2' ಎಂಬ ಸಂಕೇತಗಳು ಕಂಡರೆ ಅನೇಕ ಮಾದರಿಗಳಲ್ಲಿ ಅವು ಎನ್‌ಟಿಸಿಯ ವೈರು ಕಡಿದಿದೆ ಅಥವಾ ಶಾರ್ಟ್ ಆಗಿದೆ ಎಂದು ಹೇಳುತ್ತವೆ. ನಿಖರವಾದ ಅರ್ಥಕ್ಕೆ ಯಂತ್ರದ ಜೊತೆ ಬಂದ ಪುಸ್ತಿಕೆಯನ್ನೇ ನೋಡಬೇಕು.

ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತಿಟ್ಟು ಮತ್ತೊಂದು ಅಳತೆ ಮಾಡಿಕೊಳ್ಳಬೇಕು. ಮೀಟರನ್ನು ಗರಿಷ್ಠ ಓಮ್ ಶ್ರೇಣಿಗೆ ಏರಿಸಿ, ಮೇಲಿನ ದಪ್ಪ ಅರ್ಥ್ ಪಿನ್ನಿಗೂ ಕೆಳಗಿನ ಒಂದೊಂದು ಪಿನ್ನಿಗೂ ನಡುವೆ ನೋಡಿದಾಗ ಅಂಕಿ ಬರಬಾರದು. ಬಂದರೆ ಕಾಯಿಲಿನಿಂದ ಲೋಹದ ಮೈಗೆ ಸೋರಿಕೆಯಿದೆ; ಅಂಥ ಯಂತ್ರವನ್ನು ಮತ್ತೆ ಚಾಲೂ ಮಾಡಬಾರದು.

ಬಿಚ್ಚಬೇಕೇ, ಬೇಡವೇ

ವಾರಂಟಿ ಇರುವ ಯಂತ್ರವನ್ನು ಬಿಚ್ಚಬಾರದು; ಮೇಲಿನ ಮೂರು ಹಂತಗಳ ಫಲಿತಾಂಶವನ್ನು ಬರೆದಿಟ್ಟು ಸೇವಾ ಕೇಂದ್ರಕ್ಕೆ ಕೊಟ್ಟರೆ ಸಾಕು. ಕಂಪನಿ ವಾರಂಟಿಯನ್ನು ಮಾನ್ಯಮಾಡಲು ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ವಾರಂಟಿ ಮುಗಿದಿದ್ದರೂ ವಿದ್ಯುತ್ತಿನ ಕೆಲಸ ಮಾಡಿ ರೂಢಿಯಿಲ್ಲದವರು ಇಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯುವುದು ಉತ್ತಮ. ರೂಢಿಯಿದ್ದವರೂ ಎರಡು ವಿಷಯಗಳಲ್ಲಿ ಸಡಿಲವಾಗಬಾರದು. ಒಂದು, ಮುಚ್ಚಳ ತೆಗೆದ ಯಂತ್ರಕ್ಕೆ ಯಾವ ಕಾರಣಕ್ಕೂ ವಿದ್ಯುತ್ತು ಕೊಡಬಾರದು. ಈ ಕೆಲಸದ ಪ್ರತಿಯೊಂದು ಅಳತೆಯನ್ನೂ ಪ್ಲಗ್ ಕಿತ್ತಿಟ್ಟೇ ಮಾಡಬಹುದು. ಎರಡು, ಡಿಜಿಟಲ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು. ಹತ್ತು ನಿಮಿಷ ಕಾದು, ಡಿಸಿ ವೋಲ್ಟ್ ಶ್ರೇಣಿಯಲ್ಲಿ ಅಳೆದು, ಅಂಕಿ ಸೊನ್ನೆಯ ಹತ್ತಿರ ಬಂದಿದೆ ಎಂದು ನೋಡಿದ ನಂತರವೇ ಬೋರ್ಡಿಗೆ ಕೈ ಹಾಕಬೇಕು. ಇಂಥ ಅನೇಕ ಬೋರ್ಡುಗಳಲ್ಲಿ 5 ವೋಲ್ಟ್, 12 ವೋಲ್ಟ್‌ನ ಭಾಗವೂ ಮುಖ್ಯ ಲೈನಿನಿಂದ ಬೇರ್ಪಟ್ಟಿರುವುದಿಲ್ಲ, ಹಾಗಾಗಿ 'ಕಡಿಮೆ ವೋಲ್ಟೇಜಿನ ಕಡೆ' ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಮುಖ್ಯ ಲೈನಿನಲ್ಲಿ ಬಲ್ಬನ್ನು ಸರಣಿಯಾಗಿ ಸೇರಿಸಿ ಅದು ಉರಿಯುತ್ತದೆಯೇ ಎಂದು ನೋಡುವ ಮೆಕ್ಯಾನಿಕ್ಕುಗಳ ಸೀರೀಸ್ ಬಲ್ಬಿನ ಪರೀಕ್ಷೆ ಕೂಡ ಮನೆಯಲ್ಲಿ ಬೇಡ. ಅದು ದಾರಿಯಿದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ, 38 ಓಮ್‌ಗೂ 50 ಓಮ್‌ಗೂ ವ್ಯತ್ಯಾಸ ತೋರಿಸುವುದಿಲ್ಲ. ಜೊತೆಗೆ ತೆರೆದ ತುದಿಗಳಲ್ಲಿ ಮುಖ್ಯ ಲೈನು ಹರಿಯುತ್ತಿರುತ್ತದೆ.

ನಾಲ್ಕನೆಯ ಹಂತ: ಒಳಗಿನ ಭಾಗಗಳ ತಪಾಸಣೆ

ತಿರುಪುಗಳು ಸಾಮಾನ್ಯವಾಗಿ ಬೆನ್ನಿನಲ್ಲಿ, ತಳದಲ್ಲಿ ಮತ್ತು ಮೇಲಿನ ಮುಚ್ಚಳದ ಅಂಚಿನಲ್ಲಿ ಇರುತ್ತವೆ. ಒಂದೆರಡಕ್ಕೆ ಮೂರು ಮೂಲೆಯ ಅಥವಾ ನಕ್ಷತ್ರಾಕಾರದ ತಲೆಯಿದ್ದರೆ ಅದಕ್ಕೆ ತಕ್ಕ ಬಿಟ್ ಬೇಕಾಗುತ್ತದೆ. ಮುಚ್ಚಳ ಎತ್ತಿದ ಕೂಡಲೇ, ಒಂದು ವೈರನ್ನೂ ಕೀಳುವ ಮೊದಲು, ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಜೋಡಿಸುವಾಗ ನೆನಪನ್ನು ನಂಬುವುದಕ್ಕಿಂತ ಅದು ಮೇಲು.

ಮೀಟರು ಹಿಡಿಯುವ ಮುನ್ನ ಕಣ್ಣು, ಮೂಗುಗಳಿಗೆ ಕೆಲಸ ಕೊಡಬೇಕು. ಕಾಯಿಲಿನ ತುದಿಗಳಿಗೆ, ಥರ್ಮೋಸ್ಟಾಟಿಗೆ, ರಿಲೇಗೆ ವೈರುಗಳನ್ನು ಚಪ್ಪಟೆ ಲಗ್ಗುಗಳ ಮೂಲಕ ಸಿಕ್ಕಿಸಿರುತ್ತಾರೆ. ಲಗ್ಗು ಸ್ವಲ್ಪ ಸಡಿಲವಾದರೂ ಆರು ಆಂಪಿಯರ್ ಹರಿಯುವಾಗ ಆ ಬಿಂದು ಕಾಯುತ್ತದೆ, ಕಾದು ಇನ್ನಷ್ಟು ಸಡಿಲವಾಗುತ್ತದೆ, ಕೊನೆಗೆ ಕಪ್ಪಗಾಗಿ ಸಂಪರ್ಕ ಕಡಿಯುತ್ತದೆ. ಬಿಸಿಯಾಗದ ಯಂತ್ರಗಳಲ್ಲಿ ಈ ಸುಟ್ಟ ಲಗ್ಗುಗಳ ಪಾಲು ದೊಡ್ಡದು. ಅದನ್ನು ಉಜ್ಜಿ ಮತ್ತೆ ಸಿಕ್ಕಿಸುವುದು ತಾತ್ಕಾಲಿಕ ಪರಿಹಾರ. ಸುಟ್ಟ ಭಾಗವನ್ನು ಕತ್ತರಿಸಿ, ಹೊಸ ಲಗ್ಗನ್ನು ಕ್ರಿಂಪಿಂಗ್ ಇಕ್ಕಳದಿಂದ ಬಿಗಿದು ಕೂರಿಸಬೇಕು. ವೈರೇ ಗಡುಸಾಗಿದ್ದರೆ ಶಾಖ ತಡೆಯುವ ಸಿಲಿಕೋನ್ ಅಥವಾ ಫೈಬರ್‌ಗ್ಲಾಸ್ ಹೊದಿಕೆಯ ವೈರನ್ನೇ ಹಾಕಬೇಕು. ಮನೆಯ ವೈರಿಂಗಿಗೆ ಬಳಸುವ ಪಿವಿಸಿ ವೈರು ಆ ಜಾಗದಲ್ಲಿ ಕರಗುತ್ತದೆ. ಬೋರ್ಡಿನ ಮೇಲೆ ಜಿರಳೆ ಕೂತಿದ್ದ ಗುರುತು, ಇರುವೆಯ ಮಣ್ಣು, ಕರಾವಳಿಯ ಮನೆಗಳಲ್ಲಿ ಹಸಿರುಗಟ್ಟಿದ ತಾಮ್ರ ಇವನ್ನೂ ಈಗಲೇ ನೋಡಿಕೊಳ್ಳಿ.

ಥರ್ಮಲ್ ಫ್ಯೂಸ್. ಇದು ಕಾಯಿಲಿನ ಮೇಲಿನ ಲೋಹದ ತಟ್ಟೆಗೆ ತಾಗಿ, ಬಿಳಿಯ ಅಥವಾ ಹಳದಿ ತೋಳಿನೊಳಗೆ ಅಡಗಿರುವ ಚಿಕ್ಕ ಕೊಳವೆ. ಒಳಗಿನ ಗುಳಿಗೆ ಅಥವಾ ಮಿಶ್ರಲೋಹ ನಿಗದಿತ ತಾಪಮಾನದಲ್ಲಿ ಕರಗಿ ಸಂಪರ್ಕ ಕಡಿಯುತ್ತದೆ. ಒಮ್ಮೆ ಕಡಿದರೆ ಮತ್ತೆ ಕೂಡುವುದಿಲ್ಲ. ಒಂದು ತುದಿಯ ವೈರನ್ನು ಬಿಡಿಸಿ ಅಳೆದಾಗ ಸೊನ್ನೆಯ ಹತ್ತಿರ ಬರಬೇಕು. ಓಎಲ್ ಬಂದರೆ ಹೋಗಿದೆ. ಹೊಸದನ್ನು ಕೊಳ್ಳುವಾಗ ಅದರ ಮೈಮೇಲೆ ಮುದ್ರಿಸಿದ ತಾಪಮಾನ, ಆಂಪಿಯರ್, ವೋಲ್ಟ್ ಮೂರೂ ಹಳೆಯದಕ್ಕೆ ಸರಿಹೊಂದಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಇದು ಸಲೀಸಾಗಿ ಸಿಗುತ್ತದೆ, ಬೆಲೆಯೂ ಅಲ್ಪ. ಹೆಚ್ಚಿನ ತಾಪಮಾನದ ಫ್ಯೂಸ್ ಹಾಕಿದರೆ ಬೇಗ ಹೋಗುವುದಿಲ್ಲ ಎಂದು ಅಂಗಡಿಯವರು ಸಲಹೆ ಕೊಟ್ಟರೆ ಕೇಳಬಾರದು. ಬೆಸುಗೆ ಹಾಕುವ ಶಾಖಕ್ಕೇ ಇದು ಹಾಳಾಗಬಹುದಾದ್ದರಿಂದ ಹಿತ್ತಾಳೆಯ ತೋಳಿನಲ್ಲಿ ಕ್ರಿಂಪ್ ಮಾಡುವುದೇ ಸರಿಯಾದ ಕ್ರಮ. ಫ್ಯೂಸನ್ನು ಬಿಟ್ಟು ವೈರನ್ನು ನೇರವಾಗಿ ಸೇರಿಸುವ 'ಡೈರೆಕ್ಟ್' ರಿಪೇರಿಯನ್ನು ಕೆಲವು ಮೆಕ್ಯಾನಿಕ್ಕುಗಳೂ ಮಾಡುತ್ತಾರೆ. ಯಂತ್ರ ಆಗ ಬಿಸಿಯಾಗುವುದು ನಿಜ. ಆದರೆ ಮುಂದೊಂದು ದಿನ ಫ್ಯಾನು ನಿಂತಾಗ ಕಾಯಿಲನ್ನು ಆರಿಸಲು ಏನೂ ಉಳಿದಿರುವುದಿಲ್ಲ, ಅಡುಗೆಮನೆಯಲ್ಲಿ ಬೆಂಕಿಗೆ ದಾರಿಯಾಗುತ್ತದೆ.

ಫ್ಯೂಸ್ ಹೋಗಿದ್ದನ್ನು ಕಂಡ ಮಾತ್ರಕ್ಕೆ ತಪಾಸಣೆ ಮುಗಿಯಿತೆಂದು ತಿಳಿಯುವುದು ಈ ಕೆಲಸದ ದೊಡ್ಡ ತಪ್ಪು. ಜ್ವರಕ್ಕೆ ಮಾತ್ರೆ ನುಂಗಿ ಜ್ವರ ಬಂದದ್ದೇಕೆ ಎಂದು ಕೇಳದಿದ್ದಂತೆ, ಹೊಸ ಫ್ಯೂಸೂ ಕೆಲವೇ ದಿನಗಳಲ್ಲಿ ಹೋಗುತ್ತದೆ. ವಯಸ್ಸಾಗಿ ತಾನಾಗಿ ಹೋಗುವ ಫ್ಯೂಸುಗಳಿವೆ, ಆದರೆ ಆ ತೀರ್ಮಾನಕ್ಕೆ ಬರುವ ಮುನ್ನ ಉಳಿದ ಸಾಧ್ಯತೆಗಳನ್ನು ತಳ್ಳಿಹಾಕಬೇಕು. ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ಹಲವು ಸುತ್ತು ಹೋಗಬೇಕು; ತಕ್ಷಣ ನಿಂತರೆ ಮೋಟಾರಿನ ಬುಷ್ಷು ಒಣಗಿದೆ ಅಥವಾ ಜಿಡ್ಡು ಕಟ್ಟಿದೆ. ಯಂತ್ರವನ್ನು ಗೋಡೆಗೆ ಒತ್ತಿಟ್ಟು ಬೆನ್ನಿನ ಗಾಳಿಕಿಂಡಿ ಮುಚ್ಚಿತ್ತೇ ಎಂದು ನೆನಪಿಸಿಕೊಳ್ಳಿ. ಹಿಂದೆಯೂ ಪಕ್ಕಗಳಲ್ಲೂ ಅಂಗೈಯಗಲ ಜಾಗ ಬೇಕು. ಕೊನೆಯದಾಗಿ, ಶಾಖವನ್ನು ಆರಿಸಬೇಕಾದ ಭಾಗವೇ ಅಂಟಿಕೊಂಡಿರಬಹುದು. ಡಿಜಿಟಲ್ ಬೋರ್ಡಿನಲ್ಲಿ ವಿದ್ಯುತ್ತಿಲ್ಲದಾಗ ರಿಲೇಯ ಎರಡು ದಪ್ಪ ಸಂಪರ್ಕಗಳ ನಡುವೆ ಸೊನ್ನೆ ಓಮ್ ಬಂದರೆ ಅವು ಬೆಸೆದುಕೊಂಡಿವೆ; ರಿಲೇಯನ್ನು ಬದಲಿಸದೆ ಫ್ಯೂಸ್ ಹಾಕಿ ಉಪಯೋಗವಿಲ್ಲ.

ಥರ್ಮೋಸ್ಟಾಟ್. ಗುಂಡಿಯ ಮಾದರಿಯದು ಇಸ್ತ್ರಿಪೆಟ್ಟಿಗೆಯಲ್ಲಿರುವಂಥ ದ್ವಿಲೋಹ ಪಟ್ಟಿಯ ಸ್ವಿಚ್ಚು. ತಣ್ಣಗಿರುವಾಗ ಗರಿಷ್ಠಕ್ಕೆ ತಿರುಗಿಸಿ ಅಳೆದರೆ ಒಂದು ಓಮ್‌ಗಿಂತ ಕಡಿಮೆ ಬರಬೇಕು. ಅಂಕಿ ತೂಗಾಡುತ್ತಿದ್ದರೆ ಅದರ ಸಂಪರ್ಕಬಿಂದುಗಳಲ್ಲಿ ಮಸಿ ಕಟ್ಟಿದೆ. ಒರಟು ಕಾಗದದ ಪಟ್ಟಿಯನ್ನು ನಡುವೆ ತೂರಿಸಿ ಮೆಲ್ಲನೆ ಎಳೆದರೆ ಅದು ಹೋಗುತ್ತದೆ. ಉಪ್ಪುಕಾಗದ ಬೇಡ, ಬಿಂದುಗಳ ಮೇಲಿನ ತೆಳು ಲೇಪ ಕಿತ್ತುಹೋಗಿ ಮತ್ತಷ್ಟು ಬೇಗ ಸುಡುತ್ತವೆ.

ಕಾಯಿಲ್. ಎರಡೂ ತುದಿಗಳ ಲಗ್ಗುಗಳನ್ನು ತೆಗೆದು ಅಳೆಯಬೇಕು. ಲೆಕ್ಕದ ರೋಧಕ್ಕೆ ಹತ್ತಿರ ಬಂದರೆ ನೆಟ್ಟಗಿದೆ, ಓಎಲ್ ಬಂದರೆ ಒಳಗಿನ ತಂತಿ ಕಡಿದಿದೆ. ತುದಿಗೂ ಕಾಯಿಲಿನ ಲೋಹದ ಮೈಗೂ ನಡುವೆ ಯಾವ ಅಂಕಿಯೂ ಬರಬಾರದು. ತೆರೆದ ತಂತಿಯ ಕಾಯಿಲಿನಲ್ಲಿ ಕಡಿದ ತುದಿಗಳನ್ನು ತಿರುಚಿ ಸೇರಿಸುವ ಹಳೆಯ ಅಭ್ಯಾಸವಿದೆ. ಆ ಗಂಟು ಮಿಕ್ಕ ತಂತಿಗಿಂತ ಹೆಚ್ಚು ಕಾದು ಬೇಗನೆ ಮತ್ತೆ ಕಡಿಯುತ್ತದೆ. ಅದೇ ವಾಟ್, ಅದೇ ವೋಲ್ಟ್, ಅದೇ ಆಕಾರದ ಹೊಸ ಕಾಯಿಲನ್ನೇ ಹಾಕಬೇಕು. ಕಾಯಿಲನ್ನು ಹೊರತೆಗೆಯಲು ಫ್ಯಾನು ಬಿಚ್ಚಬೇಕಾಗಿ ಬಂದರೆ ಅದರ ನಟ್ಟು ಕೆಲವು ಮಾದರಿಗಳಲ್ಲಿ ವಿರುದ್ಧ ದಿಕ್ಕಿಗೆ ಸಡಿಲವಾಗುತ್ತದೆ ಎಂಬುದನ್ನು ಗಮನದಲ್ಲಿಟ್ಟು, ಬಲ ಹಾಕುವ ಮೊದಲು ಎರಡೂ ಕಡೆ ಮೆಲ್ಲನೆ ತಿರುಗಿಸಿ ನೋಡಬೇಕು.

ಎನ್‌ಟಿಸಿ ಸೆನ್ಸರ್. ಬೋರ್ಡಿನಿಂದ ಅದರ ಎರಡು ವೈರಿನ ಚಿಕ್ಕ ಕನೆಕ್ಟರನ್ನು ಕಿತ್ತು ಅಳೆಯಬೇಕು. ಬಹಳಷ್ಟು ಯಂತ್ರಗಳಲ್ಲಿ ಇದು 25 ಡಿಗ್ರಿಯಲ್ಲಿ 100 ಕಿಲೋ ಓಮ್ ಇರುವ ಬಗೆಯದು. ನಮ್ಮ ಬೇಸಿಗೆಯ 30 ಡಿಗ್ರಿಯ ಕೋಣೆಯಲ್ಲಿ 80 ಕಿಲೋ ಓಮ್ ಸುತ್ತ ಬಂದರೆ ಗಾಬರಿಯಾಗಬೇಕಿಲ್ಲ. ಬೇರೆ ಮೌಲ್ಯದ ಸೆನ್ಸರುಗಳೂ ಇರುವುದರಿಂದ ಅಂಕಿಗಿಂತ ಅದರ ನಡತೆ ಮುಖ್ಯ: ಸೆನ್ಸರಿನ ತುದಿಯನ್ನು ಬೆರಳುಗಳ ನಡುವೆ ಹಿಡಿದರೆ ಅಥವಾ ಕೂದಲು ಒಣಗಿಸುವ ಡ್ರೈಯರಿನ ಗಾಳಿ ತಾಕಿಸಿದರೆ ಅಂಕಿ ನೆಗೆಯದೆ, ನಿಲ್ಲದೆ, ಒಂದೇ ಸಮನೆ ಇಳಿಯಬೇಕು. ತಣ್ಣಗಿರುವಾಗಲೇ ರೋಧ ತೀರಾ ಕಡಿಮೆಯಿದ್ದರೆ ಬೋರ್ಡು ಗೂಡು ಈಗಾಗಲೇ ಕಾದಿದೆ ಎಂದು ತಿಳಿದು ಕಾಯಿಲನ್ನು ಹಚ್ಚುವುದೇ ಇಲ್ಲ.

ಮೈಕ್ರೋ ಸ್ವಿಚ್ಚಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒತ್ತಿದಾಗ ಸೊನ್ನೆ, ಬಿಟ್ಟಾಗ ಓಎಲ್ ಬಂದರೆ ಅದು ಸರಿಯಿದೆ. ಆಗ ಬುಟ್ಟಿಯಲ್ಲಿ ಅದನ್ನು ಒತ್ತಬೇಕಾದ ಪ್ಲಾಸ್ಟಿಕ್ ನಾಲಿಗೆ ಮುರಿದಿದೆಯೇ ನೋಡಬೇಕು. ಸ್ವಿಚ್ಚಿಗೆ ಕಡ್ಡಿ ಸಿಕ್ಕಿಸಿ ಸದಾ ಒತ್ತಿಟ್ಟರೆ ಬುಟ್ಟಿ ಹೊರಗಿದ್ದಾಗಲೂ ಕಾಯಿಲು ಉರಿಯುತ್ತದೆ, ಹಾಗೆ ಮಾಡಕೂಡದು.

ಇವೆಲ್ಲವೂ ಸರಿಯಿದ್ದು ರಿಲೇ ಮಾತ್ರ ಸದ್ದು ಮಾಡದಿದ್ದರೆ ದೋಷ ಬೋರ್ಡಿನಲ್ಲಿದೆ. ರಿಲೇಯ ಕಾಲುಗಳ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಬಿರುಕು ಕಂಡರೆ, ಬೆಸುಗೆ ಬಲ್ಲವರು ಅದನ್ನು ಹೊಸದಾಗಿ ತುಂಬಿದರೆ ಸರಿಹೋಗುವುದುಂಟು. ಅದಕ್ಕೂ ಮೀರಿದ್ದಾದರೆ ಇಡೀ ಬೋರ್ಡನ್ನು ಬದಲಿಸುವುದೇ ದಾರಿ. ಬೋರ್ಡಿನ ಬೆಲೆ ಹೊಸ ಯಂತ್ರದ ಅರ್ಧವನ್ನು ಮುಟ್ಟುತ್ತಿದ್ದರೆ, ಬುಟ್ಟಿಯ ಲೇಪವೂ ಎದ್ದು ಬಂದಿದ್ದರೆ, ನನ್ನ ಅಭಿಪ್ರಾಯದಲ್ಲಿ ಆ ಹಣವನ್ನು ಹೊಸದಕ್ಕೆ ಹಾಕುವುದು ಮೇಲು. ಫ್ಯೂಸು, ಲಗ್ಗು, ಥರ್ಮೋಸ್ಟಾಟ್ ಹೋಗಿರುವ ಗುಂಡಿಯ ಯಂತ್ರವನ್ನು ಮಾತ್ರ ಎಸೆಯುವ ಮಾತೇ ಇಲ್ಲ.

ಮಳೆಗಾಲದ ಒಂದು ವಿಶೇಷ ತೊಂದರೆ

ಮಲೆನಾಡು, ಕರಾವಳಿಗಳಲ್ಲಿ ತಿಂಗಳುಗಟ್ಟಲೆ ಬಳಸದೆ ಇಟ್ಟ ಯಂತ್ರವನ್ನು ಮಳೆಗಾಲದಲ್ಲಿ ಚಾಲೂ ಮಾಡಿದಾಗ ಕಾಯಿಲು ಹೊತ್ತಿದ ಕ್ಷಣವೇ, ಸೋರಿಕೆ ಕಂಡರೆ ವಿದ್ಯುತ್ತನ್ನು ಕಡಿಯುವ ಮನೆಯ ಆರ್‌ಸಿಸಿಬಿ ಬಿದ್ದುಹೋಗುವುದುಂಟು. ಕೊಳವೆಯಾಕಾರದ ಕಾಯಿಲಿನೊಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವವನ್ನು ಹೀರಿಕೊಂಡು, ಅಲ್ಪ ಪ್ರಮಾಣದ ವಿದ್ಯುತ್ತನ್ನು ಲೋಹದ ಮೈಗೆ ಸೋರಗೊಡುವುದು ಇದಕ್ಕೆ ಕಾರಣ. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿಕೆಯೊಳಗೇ ಲೈನನ್ನು ಕಡಿಯುತ್ತದೆ. ಮಲ್ಟಿಮೀಟರ್ ಕೆಲವೇ ವೋಲ್ಟ್‌ನಲ್ಲಿ ಅಳೆಯುವುದರಿಂದ ಈ ಸೋರಿಕೆ ಅದಕ್ಕೆ ಕಾಣದೇ ಹೋಗಬಹುದು, 500 ವೋಲ್ಟ್‌ನ ಮೆಗ್ಗರ್ (ಹೆಚ್ಚಿನ ವೋಲ್ಟೇಜಿನಲ್ಲಿ ಸೋರಿಕೆ ಅಳೆಯುವ ಮೀಟರು) ಬೇಕಾಗುತ್ತದೆ. ಯಂತ್ರವನ್ನು ಬಿಸಿಲಿನಲ್ಲಿ ಅಥವಾ ಬೆಚ್ಚಗಿನ ಕೋಣೆಯಲ್ಲಿ ಒಂದೆರಡು ದಿನ ಒಣಗಲು ಬಿಟ್ಟ ಮೇಲೂ ಹಾಗೆಯೇ ಆದರೆ ಕಾಯಿಲನ್ನು ಬದಲಿಸಬೇಕು. ಆರ್‌ಸಿಸಿಬಿ ಇಲ್ಲದ ಲೈನಿಗೋ ಅರ್ಥ್ ಪಿನ್ನು ಕಿತ್ತ ಪ್ಲಗ್ಗಿಗೋ ವರ್ಗಾಯಿಸಿ ಬಳಸುವವರು ತಮ್ಮ ಮನೆಯವರ ಜೀವವನ್ನೇ ಪಣಕ್ಕಿಡುತ್ತಾರೆ. ಯಂತ್ರವನ್ನು ತಲೆಕೆಳಗಾಗಿಸಿ ಕಾಯಿಲಿಗೆ ನೀರು ಚಿಮುಕಿಸಿ ತೊಳೆಯುವ ಅಭ್ಯಾಸವೂ ಇದೇ ತೊಂದರೆ ತರುತ್ತದೆ. ಸಾಬೂನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ತಣ್ಣಗಿನ ಕಾಯಿಲನ್ನು ಒರೆಸಿದರೆ ಸಾಕು.

ಕೊನೆಯ ಹಂತ: ಜೋಡಣೆ ಮತ್ತು ಮೊದಲ ಓಟ

ಜೋಡಿಸುವಾಗ ಹಸಿರು-ಹಳದಿ ಅರ್ಥ್ ವೈರು ಲೋಹದ ಮೈಗೆ ಬಿಗಿಯಾಗಿ ಕೂತಿದೆಯೇ, ಶಾಖತಡೆಯ ತೋಳುಗಳು ತಮ್ಮ ಜಾಗದಲ್ಲಿವೆಯೇ, ಯಾವುದೇ ವೈರು ಫ್ಯಾನಿನ ರೆಕ್ಕೆಗೆ ಅಥವಾ ಕಾಯಿಲಿಗೆ ತಾಗುತ್ತಿದೆಯೇ ಎಂಬುದನ್ನು ಫೋಟೊಗಳೊಡನೆ ಹೋಲಿಸಿ ನೋಡಬೇಕು. ಮುಚ್ಚಳ ಪೂರ್ತಿ ಬಿಗಿದ ಮೇಲೆ ಪ್ಲಗ್ಗಿನ ಪಿನ್ನುಗಳ ಅಳತೆಗಳನ್ನು ಮತ್ತೊಮ್ಮೆ ಮಾಡಿ: ಅರ್ಥ್ ಪಿನ್ನಿಗೂ ಒಳಗಿನ ಲೋಹದ ಭಾಗಕ್ಕೂ ನಡುವೆ ಸೊನ್ನೆಯ ಹತ್ತಿರ, ಅರ್ಥ್ ಪಿನ್ನಿಗೂ ಉಳಿದೆರಡಕ್ಕೂ ನಡುವೆ ಓಎಲ್. ನಂತರವಷ್ಟೇ ಆರ್‌ಸಿಸಿಬಿ ಇರುವ ಲೈನಿನ 16 ಆಂಪಿಯರ್ ಸಾಕೆಟ್ಟಿಗೆ ಪ್ಲಗ್ ಹಾಕಿ, ಖಾಲಿ ಬುಟ್ಟಿಯೊಡನೆ 180 ಡಿಗ್ರಿಯಲ್ಲಿ ಹತ್ತು ನಿಮಿಷ, ಪಕ್ಕದಲ್ಲೇ ನಿಂತು ಓಡಿಸಬೇಕು. ಹೊಸ ಕಾಯಿಲು ಹಾಕಿದ್ದರೆ ಮೊದಲ ಕೆಲವು ನಿಮಿಷ ತೆಳುವಾದ ಹೊಗೆ, ವಾಸನೆ ಬರುವುದು ಸಹಜ, ಪ್ಲಾಸ್ಟಿಕ್ ಸುಡುವ ವಾಸನೆ ಬಂದರೆ ಮಾತ್ರ ಕೂಡಲೇ ನಿಲ್ಲಿಸಬೇಕು. ವಿದ್ಯುತ್ ಮೀಟರಿನ ಮಿನುಗು ಮೊದಲು ಎಪ್ಪತ್ತೈದರ ಸುತ್ತ ಏರಿ, ಗೂಡು ಕಾದ ಮೇಲೆ ಎರಡಕ್ಕಿಳಿದು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಏರುವುದನ್ನು ಎರಡು ಮೂರು ಸುತ್ತು ಕಂಡರೆ ಕಾಯಿಲು ಹೊತ್ತುವುದೂ ಆರುವುದೂ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಏರಿದ್ದು ಇಳಿಯದೇ ಉಳಿದರೆ ಥರ್ಮೋಸ್ಟಾಟ್ ಅಥವಾ ರಿಲೇ ಅಂಟಿಕೊಂಡಿದೆ, ಯಂತ್ರವನ್ನು ಆರಿಸಿ ನಾಲ್ಕನೆಯ ಹಂತಕ್ಕೆ ಮರಳಬೇಕು.